ಎಲೆ ಪಂಕ್ತಿ, ತಟ್ಟೆ ಪಂಕ್ತಿ: ರಣಜಿ ವಿಂಗಡಣೆಯ ಕಥೆ

ಈ ಊರಿನ ಕನ್ನಡಿಗರ ಮನೆಗಳಲ್ಲಿ ಪಂಚಾಂಗದಲ್ಲಿ ಕಾಣಿಸದ ಹಬ್ಬವೊಂದಿತ್ತು. ಅದಕ್ಕೆ ತಿಥಿ ನಕ್ಷತ್ರಗಳ ಗೊಡವೆಯಿರಲಿಲ್ಲ. ದೀಪಾವಳಿ ಕಳೆದು ಚಳಿ ಬಿಡುವುದರೊಳಗೆ ಯಾವುದೋ ಒಂದು ವಾರ ಕರ್ನಾಟಕಕ್ಕೂ ತಮಿಳುನಾಡಿಗೂ ರಣಜಿ ಟ್ರೋಫಿಯ ಪಂದ್ಯ ನಡೆಯುತ್ತಿತ್ತು. ಸಾಮಾನ್ಯವಾಗಿ ಒಂದು ವರ್ಷ ನಮ್ಮ ಕಡೆ, ಮರುವರ್ಷ ಅವರ ಕಡೆ. ಚೆಪಾಕಿನಲ್ಲಿ ಪಂದ್ಯವೆಂದರೆ ಟ್ರಿಪ್ಲಿಕೇನಿನ ನಮ್ಮ ಮನೆಯಲ್ಲಿ ಬೆಳಗಿನ ಜಾವಕ್ಕೇ ಪುಳಿಯೋಗರೆಯ ಒಗ್ಗರಣೆ ಚಟಪಟಗುಟ್ಟುತ್ತಿತ್ತು. ತಂದೆಯವರು ಅರ್ಧ ದಿನದ ರಜೆಗೆ ಹಿಂದಿನ ದಿನವೇ ಅರ್ಜಿ ಬರೆದಿಟ್ಟಿರುತ್ತಿದ್ದರು. ತುಮಕೂರಿನ ಕಡೆಯಿಂದ ಕೇಂದ್ರ ಸರ್ಕಾರದ ನೌಕರಿ ಹಿಡಿದು ಇಲ್ಲಿಗೆ ಬಂದವರು ಅವರು. ಶ್ರೀಕಾಂತ್ ಬೌಂಡರಿ ಹೊಡೆದರೆ ಚಪ್ಪಾಳೆ ತಟ್ಟುವರು, ಮರು ಓವರಿನಲ್ಲಿ ಆತ ಔಟಾದರೆ ಅದಕ್ಕಿಂತ ಜೋರಾಗಿ ತಟ್ಟುವರು. ಪಕ್ಕದ ಮನೆಯ ಮಾಮಿ "ಇವತ್ತು ನೀವು ಯಾವ ಕಡೆ?" ಎಂದು ಪ್ರತಿ ವರ್ಷವೂ ತಪ್ಪದೆ ಕೇಳುತ್ತಿದ್ದರು. ನಮ್ಮ ಮನೆಯಿಂದ ಪ್ರತಿ ವರ್ಷವೂ ನಗುವೇ ಉತ್ತರ.

ಆ ಹಬ್ಬ ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವು. ಅದು ಆಟಗಾರರ ಕಥೆಯಲ್ಲ. ಕ್ರಿಕೆಟ್ ನಿಯಂತ್ರಣ ಮಂಡಳಿಯವರು ಕಾಗದದ ಮೇಲೆ ತಂಡಗಳನ್ನು ಪಂಕ್ತಿ ಪಂಕ್ತಿಯಾಗಿ ಕೂರಿಸಿದ ಕಥೆ.

ರಣಜಿ ಟ್ರೋಫಿಯ ಚರಿತ್ರೆಯಲ್ಲಿ ನಡೆದ ಮೊಟ್ಟಮೊದಲ ಪಂದ್ಯವೇ ನಮ್ಮ ಮತ್ತು ಇವರ ನಡುವಿನದು ಎಂಬುದು ನಮ್ಮ ಮಕ್ಕಳಲ್ಲಿ ಅನೇಕರಿಗೆ ತಿಳಿಯದು. 1934ರ ನವೆಂಬರ್ 4ರ ಭಾನುವಾರ ಇದೇ ಚೆಪಾಕಿನಲ್ಲಿ ಮದರಾಸು ಮತ್ತು ಮೈಸೂರು ತಂಡಗಳು ಎದುರಾದವು. ಮೊದಲ ಚೆಂಡನ್ನು ಎಸೆದವರು ಎಂ. ಜೆ. ಗೋಪಾಲನ್. ಮೈಸೂರು 48 ರನ್ನಿಗೆ ಕುಸಿಯಿತು. ಮದರಾಸು 130 ಮಾಡಿತು. ಮೈಸೂರಿನ ಎರಡನೆಯ ಸರದಿ 59ಕ್ಕೆ ಮುಗಿಯಿತು. ಮೂರು ದಿನ ನಡೆಯಬೇಕಾಗಿದ್ದ ಪಂದ್ಯ ಸಂಜೆಯೊಳಗೆ ಇತ್ಯರ್ಥವಾಗಿ ಮದರಾಸು ಒಂದು ಇನಿಂಗ್ಸ್ ಮತ್ತು 23 ರನ್ನುಗಳಿಂದ ಗೆದ್ದಿತು. ಎ. ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಮದರಾಸಿಗೆ ಗೆಲುವು ತಂದುಕೊಟ್ಟ ಆ ಮಹಾನುಭಾವರು ಮದರಾಸಿನಲ್ಲಿ ನೆಲೆ ನಿಂತ ಸಿಖ್ ಕುಟುಂಬದವರು. ಅವರ ಮಕ್ಕಳಾದ ಕೃಪಾಲ್ ಸಿಂಗ್ ಮತ್ತು ಮಿಲ್ಖಾ ಸಿಂಗ್ ಮುಂದೆ ಭಾರತದ ಟೆಸ್ಟ್ ತಂಡದಲ್ಲಿ ಆಡಿದರು. ಹೊರಗಿನಿಂದ ಬಂದು ಈ ಊರನ್ನು ತಮ್ಮದಾಗಿಸಿಕೊಂಡವರಲ್ಲಿ ನಾವೇ ಮೊದಲಿಗರೇನೂ ಅಲ್ಲ.

ಅಂದಿನ ಸೋಲಿಗಿಂತ ಹೆಚ್ಚು ನೋಯುವ ಸಂಗತಿ ಇನ್ನೊಂದಿದೆ. ಆಗಿನ ಪದ್ಧತಿಯಲ್ಲಿ ದೇಶವನ್ನು ವಲಯಗಳಾಗಿ ಹಂಚಿದ್ದರೂ ವಲಯದೊಳಗೆ ಸೋತವರು ಮನೆಗೆ ಹೋಗಬೇಕು. ಮೈಸೂರಿನವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದು, ಒಂದೇ ಹಗಲಿನಲ್ಲಿ ಆಡಿ ಮುಗಿಸಿ ಹೊರಟರು. ಅವರ ಪಾಲಿಗೆ ಆ ವರ್ಷದ ರಣಜಿ ಅಲ್ಲಿಗೇ ಸಮಾಪ್ತಿ. ಮುಂದಿನ ಅವಕಾಶ ಮುಂದಿನ ವರ್ಷ.

ಈ ಪದ್ಧತಿ 20 ವರ್ಷಕ್ಕೂ ಹೆಚ್ಚು ನಡೆಯಿತು. 1957-58ರಲ್ಲಿ ಮೊದಲನೆಯ ದೊಡ್ಡ ಬದಲಾವಣೆ. ವಲಯದೊಳಗೆ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಡನೆ ಒಂದೊಂದು ಪಂದ್ಯ ಆಡಬೇಕು. ಅಂಕಗಳಲ್ಲಿ ಮೇಲೆ ಬಂದವರು ಮುಂದಿನ ಸುತ್ತಿಗೆ ಹೋಗಬೇಕು. ದಕ್ಷಿಣ ವಲಯದಲ್ಲಿ ಮದರಾಸು, ಮೈಸೂರು, ಹೈದರಾಬಾದ್, ಆಂಧ್ರ, ಕೇರಳ. 1985-86ರಿಂದ ಗೋವಾ ಕೂಡಿ 6 ತಂಡಗಳಾದವು. ಓದಿದ್ದು ಬಿ.ಎಸ್‌ಸಿ. ಆದ್ದರಿಂದ ನಮಗೆ ಎಣಿಕೆಯ ಚಟ: 6 ತಂಡಗಳು ಪರಸ್ಪರ ಆಡಿದರೆ 15 ಪಂದ್ಯ. ಆ 15ರಲ್ಲಿ ಒಂದು ಖಾತ್ರಿಯಾಗಿ ನಮ್ಮ ಹಬ್ಬದ ಪಂದ್ಯ. 2001-02ರವರೆಗೆ 45 ವರ್ಷ ಈ ಏರ್ಪಾಡು ನಿಂತಿತು.

ಆ ಕಾಲದ ವೈಭವವನ್ನು ಹಿರಿಯರ ಬಾಯಿಂದಲೇ ಕೇಳಬೇಕು. ಒಂದು ಕಡೆ ವೆಂಕಟರಾಘವನ್ ಮತ್ತು ವಿ. ವಿ. ಕುಮಾರ್, ಇನ್ನೊಂದು ಕಡೆ ಪ್ರಸನ್ನ ಮತ್ತು ಚಂದ್ರಶೇಖರ್. ನಾಲ್ವರು ಸ್ಪಿನ್ ಮಾಂತ್ರಿಕರನ್ನು ಒಂದೇ ಅಂಗಳದಲ್ಲಿ, ಕಡಲ ಗಾಳಿಯಲ್ಲಿ ಕೂತು ನೋಡುವುದೆಂದರೆ ಸಾಮಾನ್ಯವೇ? ತಂದೆಯವರು ಅದನ್ನು ಹೇಳುವಾಗ ಊಟದ ತಟ್ಟೆಯಂಚಿನಲ್ಲಿ ಬೆರಳು ತಿರುಗಿಸಿ ಗೂಗ್ಲಿ ತೋರಿಸುತ್ತಿದ್ದರು; ಸಾರು ಚೆಲ್ಲಿತೆಂದು ತಾಯಿಯವರು ಗದರುತ್ತಿದ್ದರು. ವಲಯದ ಪಂದ್ಯಗಳು ಹೊಸಬರಿಗೆ ಏಣಿಯೂ ಆಗಿದ್ದವು. ಜಿ. ಆರ್. ವಿಶ್ವನಾಥ್ 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ತಮ್ಮ ಮೊದಲ ಪಂದ್ಯದಲ್ಲೇ 230 ರನ್ ಹೊಡೆದರು.

ಆದರೆ ಮುಂಬಯಿಯ ಮುಂದೆ ಯಾರ ಆಟವೂ ನಡೆಯಲಿಲ್ಲ. 1958-59ರಿಂದ 1972-73ರವರೆಗೆ 15 ವರ್ಷ ಸತತವಾಗಿ ಕಪ್ಪು ಅವರದೇ. ಆ ನಡುವೆ, 1970-71ರಲ್ಲಿ, ಪ್ರತಿ ವಲಯದಿಂದ ಒಂದರ ಬದಲು ಎರಡು ತಂಡಗಳಿಗೆ ಮುಂದಿನ ಸುತ್ತಿನ ಬಾಗಿಲು ತೆರೆಯಿತು. ನಾಡಿಗೆ ಕರ್ನಾಟಕವೆಂದು ಹೆಸರಾದ ವರ್ಷ, 1973-74ರಲ್ಲಿ, ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕ ಬೆಂಗಳೂರಿನ ಸೆಮಿಫೈನಲಿನಲ್ಲಿ ಮುಂಬಯಿಯನ್ನು ಕೆಡವಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿ ಕಪ್ಪು ಎತ್ತಿತು. ಆ ರಾಜಸ್ಥಾನಕ್ಕೆ ಅದು ಅಂತಿಮ ಪಂದ್ಯದಲ್ಲಿ ಎಂಟನೆಯ ಸೋಲು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ವಲಯ ಪದ್ಧತಿಯಲ್ಲಿ ದೋಷವಿರಲಿಲ್ಲ ಎಂದು ನಾವು ವಾದಿಸುವುದಿಲ್ಲ. ಎಲ್ಲ ವಲಯಗಳ ಬಲವೂ ಒಂದೇ ಅಲ್ಲ. ಬಲವಾದ ವಲಯದಲ್ಲಿ ಸಿಕ್ಕಿಕೊಂಡ ಒಳ್ಳೆಯ ತಂಡ ಹೊರಗುಳಿಯುತ್ತಿತ್ತು, ದುರ್ಬಲ ವಲಯದ ಸಾಧಾರಣ ತಂಡ ಸುಲಭವಾಗಿ ಮುಂದೆ ಹೋಗುತ್ತಿತ್ತು. ಕೊನೆಯ ಸ್ಥಾನದಲ್ಲಿದ್ದವರಿಗೆ ಇಳಿಯುವ ಭಯವಿಲ್ಲ, ಮೊದಲಿಗರಿಗೆ ಅವರೊಡನೆ ಆಡುವುದರಲ್ಲಿ ಬೆವರಿಲ್ಲ. 1992-93ರಿಂದ ಪ್ರತಿ ವಲಯದ ಮೂರು ತಂಡಗಳನ್ನು ಮುಂದೆ ಕಳಿಸತೊಡಗಿದರು. ನಮ್ಮ ವಲಯದ ಮಟ್ಟಿಗೆ ಇದು 6ರಲ್ಲಿ 3; ಪರೀಕ್ಷೆ ಬರೆದವರಲ್ಲಿ ಅರ್ಧ ಜನ ಪಾಸು. ಅದರಿಂದ ನಮಗೆ ಒಂದು ಲಾಭವೂ ಆಯಿತೆನ್ನಿ: ಒಂದೇ ವಲಯದ ಎರಡು ತಂಡಗಳು ಕೊನೆಯಲ್ಲಿ ಮತ್ತೆ ಎದುರಾಗಬಹುದಾಗಿತ್ತು. 1995-96ರ ಅಂತಿಮ ಪಂದ್ಯ ಚೆಪಾಕಿನಲ್ಲೇ, ಕರ್ನಾಟಕ ಮತ್ತು ತಮಿಳುನಾಡಿನ ನಡುವೆ. ಮೊದಲ ಇನಿಂಗ್ಸಿನ ಮುನ್ನಡೆಯಿಂದ ಕಪ್ಪು ಕರ್ನಾಟಕಕ್ಕೆ ಹೋಯಿತು. ಆಗ ನಾವು ಶಾಲೆಯ ಹುಡುಗರು. ಮರುದಿನ ತರಗತಿಯಲ್ಲಿ ಕುಣಿದಾಡುವ ಆಸೆ ಬಹಳವಿತ್ತು. ನಮ್ಮ ಬೆಂಚಿನಲ್ಲಿ ಮೂವರಲ್ಲಿ ನಾವೊಬ್ಬರೇ ಕನ್ನಡಿಗರಾದ್ದರಿಂದ ಗಾಂಭೀರ್ಯ ತಾಳಿದೆವು.

2002-03ರಲ್ಲಿ ಮಂಡಳಿ ವಲಯಗಳನ್ನೇ ತೆಗೆದುಹಾಕಿತು. ಆಗ ಇದ್ದದ್ದು 27 ತಂಡಗಳು. ಎಲ್ಲರೂ ಎಲ್ಲರೊಡನೆ ಆಡಬೇಕೆಂದರೆ 351 ಪಂದ್ಯಗಳು. ನಾಲ್ಕು ದಿನದ ಆಟದಲ್ಲಿ ಅದು ಆಗುವ ಹೋಗುವ ಮಾತಲ್ಲ. ಆದ್ದರಿಂದ ಎರಡು ಅಂತಸ್ತು ಮಾಡಿದರು. ಮೇಲಿನ 15 ತಂಡಗಳಿಗೆ 'ಎಲೀಟ್', ಉಳಿದ 12ಕ್ಕೆ 'ಪ್ಲೇಟ್'. ಕೆಳಗೆ ಚೆನ್ನಾಗಿ ಆಡಿದವರಿಗೆ ಬಡ್ತಿ, ಮೇಲೆ ಸರಿಯಾಗಿ ಆಡದವರಿಗೆ ಹಿಂಬಡ್ತಿ. ಹೆಸರು ಕೇಳಿದ ನಮ್ಮ ತಾಯಿಯವರು, "ಅಂದರೆ ಕೆಲವರಿಗೆ ಎಲೆ ಹಾಕುತ್ತಾರೆ, ಕೆಲವರಿಗೆ ತಟ್ಟೆ ಇಡುತ್ತಾರೆ ಅನ್ನು" ಎಂದರು. ಇದಕ್ಕಿಂತ ಚೆನ್ನಾದ ಅನುವಾದವನ್ನು ನಾವು ಎಲ್ಲೂ ಕಂಡಿಲ್ಲ. ಮಧ್ಯೆ ಕೆಲವು ವರ್ಷ ಮೇಲಂತಸ್ತಿಗೆ 'ಸೂಪರ್ ಲೀಗ್' ಎಂಬ ಹೆಸರೂ ನಡೆಯಿತು. ಕಚೇರಿಯಲ್ಲಿ ಹುದ್ದೆಯ ಹೆಸರು ಬದಲಾದರೂ ಮೇಜಿನ ಮೇಲಿನ ಫೈಲುಗಳು ಅವೇ ಇರುವುದನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವಾಗಲಿಲ್ಲ.

ಇಂಥ ಪಂಕ್ತಿಭೇದ ನಮ್ಮಲ್ಲೇ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ಟು 2000ದಲ್ಲೇ ಎರಡು ವಿಭಾಗವಾಗಿತ್ತು. ಅಲ್ಲಿಯೇ 'ಸ್ಪೀಡ್‌ವೇ' ಎಂಬ ಮೋಟಾರ್ ಸೈಕಲ್ ಪಂದ್ಯವಿದೆ: ಬ್ರೇಕಿಲ್ಲದ, ಒಂದೇ ಗೇರಿನ ಗಾಡಿಗಳಲ್ಲಿ ನಾಲ್ವರು ಸವಾರರು ಮೊಟ್ಟೆಯಾಕಾರದ ಮಣ್ಣಿನ ಹಾದಿಯಲ್ಲಿ ನಾಲ್ಕು ಸುತ್ತು ಹೊಡೆಯುವ ಆಟ. ಅದರ ಲೀಗಿನ ಚರಿತ್ರೆಯಂತೂ ಕೂಡುಕುಟುಂಬದ ಪಾಲು ಪಟ್ಟಿಯ ಹಾಗಿದೆ. 1965ರಲ್ಲಿ ಎರಡು ಲೀಗುಗಳನ್ನು ಸೇರಿಸಿ ಬ್ರಿಟಿಷ್ ಲೀಗ್ ಮಾಡಿದರು. 1968ರಲ್ಲಿ ಅದಕ್ಕೆ ಎರಡನೆಯ ವಿಭಾಗ ಹುಟ್ಟಿತು. 1995ರಲ್ಲಿ ಎಲ್ಲರೂ ಮತ್ತೆ ಒಂದಾದರು. 1997ರಲ್ಲಿ ಮತ್ತೆ ಬೇರೆಯಾಗಿ ಮೇಲಿನವರು 'ಎಲೀಟ್ ಲೀಗ್' ಎಂಬ ಹೆಸರಿಟ್ಟುಕೊಂಡರು. 2017ರಲ್ಲಿ ಅದೂ ಹೋಗಿ 'ಪ್ರೀಮಿಯರ್‌ಶಿಪ್' ಆಯಿತು. ಒಟ್ಟಿಗಿದ್ದರೆ ಬಲಹೀನರು ಸೋತು ಸುಣ್ಣವಾಗುತ್ತಾರೆ, ಬೇರೆಯಾದರೆ ಅಕ್ಕಪಕ್ಕದ ಊರುಗಳ ಹಳೆಯ ಪೈಪೋಟಿ ತಪ್ಪಿಹೋಗುತ್ತದೆ. ಆಟ ಯಾವುದಾದರೂ ಈ ಇಕ್ಕಟ್ಟು ಒಂದೇ.

ಹೊಸ ಪದ್ಧತಿಯಿಂದ ಒಳ್ಳೆಯದೂ ಆಯಿತು ಎಂಬುದನ್ನು ಒಪ್ಪಲೇಬೇಕು. 2010-11ರಲ್ಲಿ ರಾಜಸ್ಥಾನ ತಟ್ಟೆ ಪಂಕ್ತಿಯಲ್ಲಿತ್ತು. ಅಷ್ಟರಲ್ಲಿ ಕೆಳಗಿನ ಪಂಕ್ತಿಯ ಮೊದಲಿಗರಿಗೂ ಕೊನೆಯ ಸುತ್ತುಗಳಲ್ಲಿ ಆಡುವ ಅವಕಾಶ ಕೊಟ್ಟಿದ್ದರು. ಆ ವರ್ಷ ಜಯಪುರದಲ್ಲಿ ದೀಪಕ್ ಚಾಹರ್ ಎಂಬ ಹೊಸ ಹುಡುಗ 10 ರನ್ನಿಗೆ 8 ವಿಕೆಟ್ ಕಿತ್ತು ಹೈದರಾಬಾದನ್ನು 21ಕ್ಕೆ ಮಲಗಿಸಿದ. ರಾಜಸ್ಥಾನ ಅಲ್ಲಿಂದ ಮೇಲೆದ್ದು, ಮುಂಬಯಿಯನ್ನೂ ತಮಿಳುನಾಡನ್ನೂ ದಾಟಿ, ಬರೋಡವನ್ನು ಸೋಲಿಸಿ ಕಪ್ಪು ಗೆದ್ದಿತು. ಎಂಟು ಬಾರಿ ಕೊನೆಯ ಮೆಟ್ಟಿಲಲ್ಲಿ ಎಡವಿದ್ದವರಿಗೆ ತಟ್ಟೆಯಿಂದ ಎದ್ದು ಬಂದಾಗ ಫಲ ಸಿಕ್ಕಿತು. ದಕ್ಷಿಣ ವಲಯದಲ್ಲಿ ಬಹುಕಾಲ ಎಲ್ಲರಿಂದಲೂ ಪೆಟ್ಟು ತಿಂದ ಕೇರಳ 2024-25ರಲ್ಲಿ ಅಂತಿಮ ಪಂದ್ಯ ಆಡಿತು. ಇದನ್ನು ನೋಡಿದ ಮೇಲೂ ಹಳೆಯದೇ ಸರಿಯಾಗಿತ್ತು ಎಂದರೆ ನಾವು ಸ್ವಾರ್ಥಿಗಳಾದೇವು.

ನಮ್ಮ ಕಷ್ಟ ಬೇರೆ. ಪಂಕ್ತಿ ಹಾಕುವವರಿಗೆ ಕರ್ನಾಟಕವೂ ತಮಿಳುನಾಡೂ ಅಂಕಪಟ್ಟಿಯ ಎರಡು ಸಾಲುಗಳು. ಮಧ್ಯೆ ಕಾವೇರಿ ಹರಿಯುತ್ತದೆ, ಒಂದರ ಮಕ್ಕಳು ಇನ್ನೊಂದರಲ್ಲಿ ಬಾಡಿಗೆಗಿದ್ದಾರೆ ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ನಮ್ಮ ಕಚೇರಿಯಲ್ಲಾಗಲಿ ನೆರೆಮನೆಯಲ್ಲಾಗಲಿ ನದಿನೀರಿನ ಮಾತು ಬಂದಾಗ ನಾವು ಕಿಟಕಿಯ ಕಡೆ ನೋಡುತ್ತಿದ್ದೆವು. ಕ್ರಿಕೆಟ್ಟಿನ ಮಾತು ಬಂದರೆ ಮಾತ್ರ ಧೈರ್ಯವಾಗಿ 'ನಮ್ಮವರು' ಎನ್ನುತ್ತಿದ್ದೆವು. ಅವರೂ ನಗುತ್ತ ಕೆಣಕುತ್ತಿದ್ದರು. ವರ್ಷಕ್ಕೆ ನಾಲ್ಕು ದಿನ ಅದಕ್ಕೆ ಪರವಾನಗಿ ಇತ್ತು. ಮೇಲಿಂದ ಮೇಲೆ ಪಂಕ್ತಿ ಬದಲಾದವು: 2012-13ರಲ್ಲಿ 9 ತಂಡಗಳ ಮೂರು ಗುಂಪು, 2017-18ರಲ್ಲಿ 7 ತಂಡಗಳ ನಾಲ್ಕು ಗುಂಪು, 2018-19ರಲ್ಲಿ ಹೊಸದಾಗಿ 9 ತಂಡಗಳು ಸೇರಿ 37. ಆ ಕೊನೆಯ ಎರಡು ವರ್ಷಗಳಲ್ಲಿ ಗುಂಪಿನ ಆಟದಲ್ಲಿ ಕರ್ನಾಟಕ ತಮಿಳುನಾಡುಗಳು ಒಬ್ಬರನ್ನೊಬ್ಬರು ನೋಡಲೇ ಇಲ್ಲ. 2014-15ರ ಅಂತಿಮ ಪಂದ್ಯದಲ್ಲಿ ಎದುರಾದದ್ದು ನಿಜ, ಕರುಣ್ ನಾಯರ್ 328 ಹೊಡೆದು ಕರ್ನಾಟಕ ಗೆದ್ದದ್ದೂ ನಿಜ. ಅದು ನಡೆದದ್ದು ಮುಂಬಯಿಯ ವಾಂಖೆಡೆಯಲ್ಲಿ. ಪುಳಿಯೋಗರೆ ಕಟ್ಟಿಕೊಂಡು ನಡೆದು ಹೋಗುವ ದೂರವಲ್ಲ.

2024ರ ಫೆಬ್ರವರಿಯಲ್ಲಿ ಎರಡೂ ಒಂದೇ ಗುಂಪಿಗೆ ಬಿದ್ದು, 9ರಿಂದ 12ರವರೆಗೆ ಚೆಪಾಕಿನಲ್ಲಿ ಪಂದ್ಯ ನಡೆಯಿತು. ಭಾನುವಾರ ಮಗಳನ್ನು ಕರೆದುಕೊಂಡು ಹೋದೆವು. ಹುಟ್ಟಿದ್ದು, ಓದುತ್ತಿರುವುದು ಎಲ್ಲ ಇಲ್ಲೇ ಆದ್ದರಿಂದ ಅವಳು ತಮಿಳುನಾಡಿನ ಪಕ್ಷ. ಕರ್ನಾಟಕದ 366ರಲ್ಲಿ ದೇವದತ್ತ ಪಡಿಕ್ಕಲ್ ಒಬ್ಬನದೇ 151. ತಮಿಳುನಾಡು ಇಡೀ ತಂಡ ಮಾಡಿದ್ದು 151. ಇದನ್ನು ತೋರಿಸಿ ಸ್ವಲ್ಪ ಛೇಡಿಸಿದೆವು. "ಇನ್ನೂ ಒಂದು ಇನಿಂಗ್ಸ್ ಇದೆ ಅಪ್ಪಾ" ಎಂದಳು. ಎರಡನೆಯ ಸರದಿಯಲ್ಲಿ ಕರ್ನಾಟಕ 139ಕ್ಕೆ ಮುಗಿದು, ತಮಿಳುನಾಡಿಗೆ 355ರ ಗುರಿ ಬಿತ್ತು. ಸೋಮವಾರ ನಾವು ಕಚೇರಿಯಲ್ಲಿ. ಮಧ್ಯಾಹ್ನದ ಮೇಲೆ ನಮ್ಮ ಸೆಕ್ಷನ್ನಿನಲ್ಲಿ ಕೆಲಸ ನಡೆದಂತೆ ಕಾಣಲಿಲ್ಲ. ಒಂದು ಫೋನಿನ ಸುತ್ತ ಆರು ತಲೆ. ಆಟ ನಿಂತಾಗ ತಮಿಳುನಾಡು 8 ವಿಕೆಟ್ಟಿಗೆ 338. ಅವರಿಗೆ 17 ರನ್ ಬಾಕಿ, ನಮಗೆ 2 ವಿಕೆಟ್ ಬಾಕಿ. "ನಿಮ್ಮವರು ಬದುಕಿಕೊಂಡರು" ಎಂದು ಸಹೋದ್ಯೋಗಿಯೊಬ್ಬರು ಬೆನ್ನು ತಟ್ಟಿದರು. ಎಷ್ಟೋ ವರ್ಷಗಳ ಮೇಲೆ ಕೇಳಿದ ಮಾತು. ಕಾಫಿ ನಾವೇ ಕೊಡಿಸಿದೆವು.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. "ಮುಂದಿನ ವರ್ಷ ಬೆಂಗಳೂರಿನಲ್ಲಿ ಅಲ್ವಾ? ಅಜ್ಜಿಯನ್ನೂ ಕರೆದುಕೊಂಡು ಹೋಗೋಣ" ಎಂದಳು. ಗುಂಪು ಹೇಗೆ ಬೀಳುತ್ತದೋ ನೋಡೋಣ ಎಂದೆವು. 2024-25ರ ಪಟ್ಟಿ ಬಂದಾಗ ಕರ್ನಾಟಕ 'ಸಿ' ಗುಂಪಿನಲ್ಲಿತ್ತು, ತಮಿಳುನಾಡು 'ಡಿ' ಗುಂಪಿನಲ್ಲಿ.