ಒಂದೂವರೆ ಜಾಣತನ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಅರಿವಿನ ಪ್ರದರ್ಶನ

ತನಗಿರುವ ತಿಳಿವಳಿಕೆಗಿಂತ ಹೆಚ್ಚಿನದು ಇದೆಯೆಂದು ಮಾತಿನ ಧಾಟಿಯಿಂದಲೇ ತೋರಿಸಿಕೊಳ್ಳುವ ನಡವಳಿಕೆಯನ್ನು ಈ ಲೇಖನದಲ್ಲಿ ‘ಅರಿವಿನ ಪ್ರದರ್ಶನ’ ಎಂದು ಕರೆಯಲಾಗಿದೆ. ಸುಳ್ಳು ಹೇಳುವವನು ಸಂಗತಿಯನ್ನೇ ತಿರುಚಿದರೆ, ಪ್ರದರ್ಶನಕ್ಕಿಳಿದವನು ಸಂಗತಿಯನ್ನು ಇದ್ದಂತೆಯೇ ಬಿಟ್ಟು ಅದಕ್ಕೆ ತೊಡಿಸುವ ಬಟ್ಟೆಯನ್ನು ಬದಲಿಸುತ್ತಾನೆ. ಕಲಬುರಗಿ ಸೀಮೆಯ ಆಡುಮಾತಿನಲ್ಲಿ ಜಾಣನಿಗೆ ‘ಶಾಣ್ಯಾ’ ಎನ್ನುತ್ತಾರೆ. ಮರಾಠಿಯ ‘ಶಹಾಣಾ’ಕ್ಕೆ ಸಂಬಂಧಿಸಿದ ಈ ಪದದ ಹಿಂದೆ ಒಂದೂವರೆ ಎಂಬ ಅರ್ಥದ ‘ದೀಡ’ ಸೇರಿ ‘ದೀಡ ಶಾಣ್ಯಾ’ ಆದೊಡನೆ ಹೊಗಳಿಕೆ ಮೂದಲಿಕೆಯಾಗುತ್ತದೆ. ಇದ್ದ ಒಂದರ ಮೇಲೆ ಇಲ್ಲದ ಅರ್ಧವನ್ನು ಹೇರಿಕೊಂಡವನು ಎಂಬ ಈ ಲೆಕ್ಕಾಚಾರ ನಿಖರವಾಗಿಯೇ ಇದೆ. ಆ ಅರ್ಧವನ್ನು ಎಲ್ಲಿಂದ, ಯಾಕೆ ತರಲಾಗುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ.

ಈ ನಡವಳಿಕೆಗೆ ಸಾಮಾನ್ಯವಾಗಿ ಕೊಡುವ ಕಾರಣ ವ್ಯಕ್ತಿಯ ಗರ್ವ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಹೇಳುವುದೂ ಅದನ್ನೇ. ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ಪ್ರಕಟಿಸಿದ ಅಧ್ಯಯನವು, ಒಂದು ಕೆಲಸದಲ್ಲಿ ಹಿಂದುಳಿದವರು ತಮ್ಮ ಸಾಮರ್ಥ್ಯವನ್ನು ಹೆಚ್ಚಾಗಿ ಅಂದಾಜಿಸುತ್ತಾರೆಂದೂ, ಕೆಲಸ ಮಾಡಲು ಬೇಕಾದ ತಿಳಿವಳಿಕೆಯೇ ಅದರ ಗುಣವನ್ನು ಅಳೆಯಲೂ ಬೇಕಾಗುವುದು ಇದಕ್ಕೆ ಕಾರಣವೆಂದೂ ವಾದಿಸಿತು. ಆದರೆ ಈ ವಿವರಣೆ ಅನ್ವಯಿಸುವುದು ತನಗೆ ತಿಳಿಯದೆಂಬುದೇ ತಿಳಿಯದವನಿಗೆ. ಪ್ರದರ್ಶನಕ್ಕಿಳಿಯುವವನಿಗೆ ತನ್ನ ಕೊರತೆ ಬಹುಮಟ್ಟಿಗೆ ಗೊತ್ತಿರುತ್ತದೆ, ಗೊತ್ತಿರುವುದರಿಂದಲೇ ಅದನ್ನು ಮುಚ್ಚಲು ಹವಣಿಸುತ್ತಾನೆ. ಆದ್ದರಿಂದ ಕಾರಣವನ್ನು ಆಡುವವನ ಮನಸ್ಸಿನಲ್ಲಿ ಹುಡುಕಿದಷ್ಟೇ ಕೇಳುವವರ ಲೋಕದಲ್ಲಿಯೂ ಹುಡುಕಬೇಕಾಗುತ್ತದೆ. ಯಾವ ಬಗೆಯ ಮಾತಿಗೆ ಸಮಾಜವು ಮನ್ನಣೆ, ನೌಕರಿ, ಕುರ್ಚಿಗಳನ್ನು ಕೊಡುತ್ತದೆಯೋ ಆ ಮಾತಿನ ಮೇಲಿನ ಹಿಡಿತವನ್ನು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರೆ ಬೂರ್ದ್ಯೂ ‘ಭಾಷಿಕ ಬಂಡವಾಳ’ ಎಂದು ಕರೆದರು. ಬಂಡವಾಳವಿಲ್ಲದವನು ಸಾಲ ತರುವಂತೆ, ಈ ಹಿಡಿತವಿಲ್ಲದವನು ಅದರ ಸದ್ದನ್ನು ಎರವಲು ತರುತ್ತಾನೆ.

ಕಲಬುರಗಿ ಸೀಮೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಇತಿಹಾಸವು ಇಂಥ ಎರವಲಿಗೆ ಮತ್ತೆ ಮತ್ತೆ ಸಂದರ್ಭ ಒದಗಿಸಿದೆ. ಇವು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1884ರ ಸುಮಾರಿಗೆ ಪಾರ್ಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲಿಯೇ ನೀಡಿತು. ಹೀಗಾಗಿ ಮನೆಯಲ್ಲಿ ಕನ್ನಡವನ್ನೋ, ಗಡಿಯ ಹಳ್ಳಿಗಳಲ್ಲಿ ಮರಾಠಿಯನ್ನೋ ಆಡುತ್ತಿದ್ದ ಒಕ್ಕಲಿಗನಿಗೆ ಕಚೇರಿಯ ಕಾಗದ ಓದಿ ಹೇಳಲು ಇನ್ನೊಬ್ಬನು ಬೇಕಾದನು, ಓದಬಲ್ಲವನ ತೂಕ ಊರಿನಲ್ಲಿ ತಾನಾಗಿಯೇ ಏರಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿ, 1956ರ ನವೆಂಬರ್ 1ರಂದು ಈ ಭಾಗವು ವಿಶಾಲ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಕನ್ನಡಕ್ಕೆ ಅಧಿಕಾರದ ಸ್ಥಾನ ದೊರೆಯಿತಾದರೂ, ಅದು ಪಠ್ಯಪುಸ್ತಕದ ಕನ್ನಡವಾಗಿತ್ತು. ‘ಮಾಡ್ಲಾಕತ್ತಾನ’ ಎನ್ನುವ ಹುಡುಗನು ಶಾಲೆಯಲ್ಲಿ ‘ಮಾಡುತ್ತಿದ್ದಾನೆ’ ಎಂಬುದನ್ನು ಹೊಸದಾಗಿಯೇ ಕಲಿಯಬೇಕಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಸ್ಥಾಪನೆಯಾದವು, ಎರಡನೆಯದಕ್ಕೆ ಆಳಂದ ತಾಲ್ಲೂಕಿನ ಕಡಗಂಚಿಯೇ ನೆಲೆ. ಅಷ್ಟರಲ್ಲಿ ಮನ್ನಣೆಯ ಭಾಷೆ ಇಂಗ್ಲಿಷಿನ ಕಡೆಗೆ ಸರಿದಿತ್ತು. ಮೂರು ಹಂತಗಳಲ್ಲಿಯೂ ಜಾಣತನದ ಗುರುತು ಮನೆಯ ಮಾತಿನ ಹೊರಗೇ ಉಳಿದುದರಿಂದ, ‘ದೀಡ’ದ ಅರ್ಧವನ್ನೂ ಹೊರಗಿನಿಂದಲೇ ತರಬೇಕಾಯಿತು.

ಹಾಗೆಂದು ಎರವಲು ಪದಗಳೆಲ್ಲ ಪ್ರದರ್ಶನವೆಂದು ತಿಳಿಯಬಾರದು. ಅರಬಿ–ಪಾರ್ಸಿ ಮೂಲದ ಜಮೀನು, ವಕೀಲ, ಅರ್ಜಿ ಮುಂತಾದವು ಹೊಲದಲ್ಲಿ ದುಡಿಯುವವರ ನಿತ್ಯದ ಮಾತಿನಲ್ಲಿ ಕರಗಿಹೋಗಿವೆ. ಪ್ರದರ್ಶನವಿರುವುದು ಪದದ ಮೂಲದಲ್ಲಿ ಅಲ್ಲ, ಅದನ್ನು ಆರಿಸುವ ಉದ್ದೇಶದಲ್ಲಿ.

ಈ ಉದ್ದೇಶವನ್ನು ಒಂದೇ ಒಂದು ಅಕ್ಷರದ ಮಟ್ಟದಲ್ಲಿಯೂ ಗುರುತಿಸಬಹುದು. ಹಬ್ಬ–ಸಮಾರಂಭಗಳ ಫ್ಲೆಕ್ಸ್ ಫಲಕಗಳಲ್ಲಿ ‘ಹಾರ್ದಿಕ ಶುಭಾಶಯ’ ಎಂಬುದು ‘ಹಾರ್ಧಿಕ ಶುಭಾಶಯ’ ಆಗುವುದು, ‘ವಿದ್ಯಾರ್ಥಿ’ಯು ‘ವಿಧ್ಯಾರ್ಥಿ’ಯಾಗುವುದು ಈ ತಾಲ್ಲೂಕುಗಳಿಗೆ ಮಾತ್ರ ಸೀಮಿತವಾಗಿರದೆ ಕರ್ನಾಟಕದುದ್ದಕ್ಕೂ ಕಾಣಸಿಗುವ ಸಂಗತಿ. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ವಿರಳವಾದುದರಿಂದ ಅದು ಸಂಸ್ಕೃತ ಕಲಿಕೆಯ ಮುದ್ರೆಯಂತೆ ತೋರುತ್ತದೆ. ಮಹಾಪ್ರಾಣ ಬಿಟ್ಟದ್ದಕ್ಕಾಗಿ ಬೈಸಿಕೊಂಡು ಬೆಳೆದವನು ಬೇಡವಾದಲ್ಲಿಯೂ ಅದನ್ನು ಹಾಕಿ ಪಾರಾಗಲು ನೋಡುತ್ತಾನೆ. ಸರಿಯಾಗಿರಬೇಕೆಂಬ ಆತಂಕದಲ್ಲಿ ಸರಿಯ ಗೆರೆಯನ್ನೇ ದಾಟುವ ಇಂಥ ಬಳಕೆಯನ್ನು ‘ಅತಿತಿದ್ದುಪಡಿ’ ಎನ್ನಬಹುದು. ಭಾಷಾವಿಜ್ಞಾನಿ ವಿಲಿಯಂ ಲಬೋವ್ 1966ರಲ್ಲಿ ಪ್ರಕಟಿಸಿದ ನ್ಯೂಯಾರ್ಕ್ ನಗರದ ಅಧ್ಯಯನದಲ್ಲಿ, ಎಚ್ಚರವಹಿಸಿ ಓದುವಾಗ ಪ್ರತಿಷ್ಠೆಯ ಗುರುತಾದ ರಕಾರವನ್ನು ಮೇಲ್ಮಧ್ಯಮ ವರ್ಗದವರಿಗಿಂತ ಹೆಚ್ಚಾಗಿ ಉಚ್ಚರಿಸಿದವರು ಕೆಳಮಧ್ಯಮ ವರ್ಗದವರೇ ಎಂಬುದು ಕಂಡುಬಂದಿತ್ತು. ಎರಡೂ ಕಡೆ ಗರ್ವಕ್ಕಿಂತ ಮುಂದೆ ನಿಂತಿರುವುದು ಅಂಜಿಕೆ.

ಇಂಥ ಎರವಲಿನ ಅಪಾಯ ಹಿಂದಿನವರಿಗೂ ಗೊತ್ತಿತ್ತು. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು, ಹದವರಿಯದೆ ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರೆಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸಿ ಎಚ್ಚರಿಸಿತ್ತು. 2006ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಒಪೆನ್‌ಹೈಮರ್ ಪ್ರಕಟಿಸಿದ ಪ್ರಯೋಗಗಳೂ, ಅನವಶ್ಯಕವಾಗಿ ದೊಡ್ಡ ಪದ ಬಳಸಿದ ಬರಹದ ಕರ್ತೃವನ್ನು ಓದುಗರು ಕಡಿಮೆ ಬುದ್ಧಿವಂತನೆಂದೇ ಎಣಿಸುತ್ತಾರೆಂದು ತೋರಿಸಿದವು. ಹಾಲು ಒಡೆದುದು ಓದುಗನ ಬಾಯಿಗೆ ತಿಳಿದೇ ತಿಳಿಯುತ್ತದೆ.

ಹಾಗಾದರೆ ಕಠಿಣ ಮಾತೆಲ್ಲವೂ ಪ್ರದರ್ಶನವೇ ಎಂಬ ಪ್ರಶ್ನೆಗೆ ಇದೇ ನೆಲದ ತತ್ವಪದ ಪರಂಪರೆ ಉತ್ತರ ಕೊಡುತ್ತದೆ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಕಡಕೋಳದಲ್ಲಿ ನೆಲೆ ನಿಂತ ಮಡಿವಾಳಪ್ಪನ ಪದಗಳು ಡಾಂಭಿಕ ಗುರುತನವನ್ನು ಕಟುವಾಗಿ ಟೀಕಿಸುತ್ತವೆ. ಮುಸ್ಲಿಮರಾದ ಚೆನ್ನೂರ ಜಲಾಲಸಾಹೇಬರೂ ಬ್ರಾಹ್ಮಣನಾದ ಖೈನೂರ ಕೃಷ್ಣಪ್ಪನೂ ಅವನ ಶಿಷ್ಯರಾಗಿದ್ದುದು, ಆ ಬಳಗದಲ್ಲಿ ಕುಲದಿಂದಾಗಲಿ ಗ್ರಂಥದಿಂದಾಗಲಿ ಬಂದ ಅಧಿಕಾರಕ್ಕಿಂತ ಅನುಭಾವವೇ, ಅಂದರೆ ಸ್ವತಃ ಬಾಳಿ ಕಂಡುಕೊಂಡ ಅರಿವೇ ದೊಡ್ಡದೆಂಬುದಕ್ಕೆ ಸಾಕ್ಷಿ. ಈ ಪರಂಪರೆಯ ಪದಗಳಲ್ಲಿಯೂ ಸುಲಭವಾಗಿ ಬಿಡಿಸಲಾಗದ ಬೆಡಗು, ಅಂದರೆ ಒಗಟಿನಂಥ ನುಡಿಗಾರಿಕೆ ಇದೆ. ಆದರೆ ಅಲ್ಲಿ ಹೊರಗಿನ ಮಾತು ಮನೆ–ಹೊಲಗಳದ್ದಾಗಿದ್ದು ಒಳಗಿನ ಅರ್ಥ ಆಳವಾಗಿರುತ್ತದೆ. ಏಕತಾರಿಯ ಭಜನೆಯಲ್ಲಿ ಪದ ಹಾಡಿದವರು ಅದರ ಅರ್ಥವನ್ನು ಬಿಡಿಸಿ ಹೇಳುವ ರೂಢಿಯೂ ಇದೆ. ಪ್ರದರ್ಶನದಲ್ಲಿ ಇದು ತಿರುವುಮುರುವಾಗಿ, ಹೊರಗಿನ ಮಾತು ಬಿಗಿಯಾಗಿಯೂ ಒಳಗಿನ ಅರ್ಥ ತೆಳುವಾಗಿಯೂ ಇರುತ್ತದೆ, ಬಿಡಿಸಿ ಹೇಳೆಂದರೆ ಹೇಳಲು ಏನೂ ಉಳಿದಿರುವುದಿಲ್ಲ.

ಆದ್ದರಿಂದ ಅರಿವನ್ನೂ ಅದರ ಪ್ರದರ್ಶನವನ್ನೂ ಬೇರ್ಪಡಿಸುವ ಒರೆಗಲ್ಲು ಪದದ ಕಾಠಿಣ್ಯವಾಗಿರದೆ, ‘ಹಂಗಂದ್ರ ಏನ್ರಿ?’ ಎಂಬ ಪ್ರಶ್ನೆಯ ಮುಂದೆ ಮಾತು ನಿಲ್ಲುತ್ತದೆಯೇ ಇಲ್ಲವೇ ಎಂಬುದಾಗಿದೆ. ಗೊತ್ತಿಲ್ಲವೆಂದವನನ್ನು ಹೀಗಳೆದು, ತಿಳಿಯದಂತೆ ಮಾತಾಡಿದವನಿಗೆ ತಲೆಬಾಗುವ ಶಾಲೆ, ಕಚೇರಿ, ಸಭೆಗಳು ಇರುವವರೆಗೂ ‘ದೀಡ ಶಾಣ್ಯಾ’ಗಳು ಹುಟ್ಟುತ್ತಲೇ ಇರುತ್ತಾರೆ. ಅವರನ್ನು ನಗೆಪಾಟಲು ಮಾಡುವುದಕ್ಕಿಂತ, ಆ ಪ್ರಶ್ನೆಯನ್ನು ನಾಚಿಕೆಯಿಲ್ಲದೆ ಕೇಳುವ ರೂಢಿಯನ್ನು ತರಗತಿಯಿಂದಲೇ ಬೆಳೆಸುವುದು ಹೆಚ್ಚು ಫಲಕಾರಿ.