ಕರಿಮೆಣಸು ಮುಗಿಯುತ್ತಾ ಬಂತು

ಹೈದರಾಬಾದಿನ ನಿಜಾಮರ ಸಂಸ್ಥಾನದ ಲ್ಯಾನ್ಸರ್ ಪಡೆ ಮೊದಲ ಮಹಾಯುದ್ಧದಲ್ಲಿ ಕಡಲು ದಾಟಿ ಈಜಿಪ್ಟಿಗೆ ಹೋಯಿತು. ಮೈಸೂರಿನ ಲ್ಯಾನ್ಸರ್‌ಗಳೂ ಅದರ ಜೊತೆ 15ನೇ ಅಶ್ವದಳದಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾದಲ್ಲಿ ಮೈಸೂರು, ಜೋಧಪುರದ ಸವಾರರು ಈಟಿ ಹಿಡಿದು ನುಗ್ಗಿದ್ದನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ಅವರ ಕಾಗದಗಳನ್ನು ನೆನೆಯುವವರು ಕಡಿಮೆ.

ಆ ಕಾಗದಗಳನ್ನು ಸಾಗಿಸುತ್ತಿದ್ದುದು ಸೇನೆಯ ಜೊತೆಗೇ ಸಾಗುತ್ತಿದ್ದ ಫೀಲ್ಡ್ ಪೋಸ್ಟ್ ಆಫೀಸು. ಅಲ್ಲಿ ಬಳಸಲೆಂದೇ 1914ರಲ್ಲಿ ಐದನೇ ಜಾರ್ಜ್ ದೊರೆಯ ಭಾರತೀಯ ಅಂಚೆಚೀಟಿಗಳ ಮೇಲೆ ‘ಐ.ಇ.ಎಫ್.’ (ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್) ಎಂದು ಅಚ್ಚೊತ್ತಲಾಯಿತು. ಮೈಸೂರಿನ ಹಳೆಯ ಅಂಚೆ 1889ರಲ್ಲೇ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಗಿತ್ತು. ನಿಜಾಮರದು ಮಾತ್ರ ತನ್ನದೇ ಚೀಟಿಯೊಂದಿಗೆ ನಡೆದಿತ್ತು. ಆದರೆ ಅದರ ಬೆಲೆ ಸಂಸ್ಥಾನದ ಗಡಿಯೊಳಗಷ್ಟೇ.

ಸೈನಿಕರಿಗೆ ಸಿಗುತ್ತಿದ್ದ ಒಂದು ಬಗೆಯ ಕಾರ್ಡಿನಲ್ಲಿ ವಾಕ್ಯಗಳೆಲ್ಲ ಮೊದಲೇ ಅಚ್ಚಾಗಿರುತ್ತಿದ್ದವು: ಕ್ಷೇಮವಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ನಿಮ್ಮ ಕಾಗದ ತಲುಪಿತು. ಬೇಡದ ಸಾಲು ಹೊಡೆದುಹಾಕಿ ತಾರೀಖು, ಸಹಿ ಹಾಕಬೇಕು. ಒಂದು ಮಾತು ಹೆಚ್ಚು ಬರೆದರೂ ಕಾರ್ಡು ನಾಶ. ಹೆಂಡತಿ ಮಕ್ಕಳಿಗೆ ಹೇಳಬೇಕಾದುದು ಅಷ್ಟರಲ್ಲೇ ಮುಗಿಯಬೇಕು ಎಂಬುದು ಕ್ರೂರವೇ ಸರಿ.

ಖಾಲಿ ಕಾರ್ಡು ಸಿಕ್ಕವರ ಪಾಡು ಬೇರೆ. ಜರ್ಮನ್ ಕಡೆ ಡ್ರೆಸ್ಡೆನ್ನಿನ ಕಲಾವಿದ ಸೈನಿಕ ಓಟೊ ಶುಬರ್ಟ್, ಕಂಡ ಯುದ್ಧವನ್ನು ಪುಟ್ಟ ಕಾರ್ಡುಗಳ ಮೇಲೆ ಜಲವರ್ಣದಲ್ಲಿ ಬರೆದು ತನ್ನ ಪ್ರೇಯಸಿಗೆ ಕಳಿಸಿದ.

ಅಕ್ಷರ ಬಾರದ ನಮ್ಮ ಸಿಪಾಯಿಗಳು ಬರೆಯಬಲ್ಲವರಿಂದ ಕಾಗದ ಬರೆಸುತ್ತಿದ್ದರು. ಊರಿನಲ್ಲೂ ಓದಬಲ್ಲವರೊಬ್ಬರು ಜೋರಾಗಿ ಓದಿ ಹೇಳಬೇಕು. ನಡುವೆ ಸೆನ್ಸಾರ್ ಬೇರೆ. ಫ್ರಾನ್ಸಿನಲ್ಲಿದ್ದ ಭಾರತೀಯರ ಟಪಾಲು ತಪಾಸಣೆಗೆ ಇ. ಬಿ. ಹೋವೆಲ್ ಎಂಬ ಅಧಿಕಾರಿಯ ಕಚೇರಿಯೇ ಇತ್ತು. ಇಷ್ಟು ಕಣ್ಣು ಕಿವಿಗಳ ನಡುವೆ ಮನಸ್ಸಿನ ಮಾತು ಆಡುವುದು ಹೇಗೆ? ಸಿಪಾಯಿಗಳು ಅಡುಗೆಮನೆಯ ಮೊರೆ ಹೊಕ್ಕರು. ಕರಿಮೆಣಸು ಎಂದರೆ ಭಾರತದ ಸೈನಿಕರು, ಕೆಂಪು ಮೆಣಸು ಎಂದರೆ ಬಿಳಿಯರು. ಕರಿಮೆಣಸು ಮುಗಿಯುತ್ತಾ ಬಂತು ಎಂದು ಬರೆದರೆ ನಮ್ಮವರು ರಾಶಿರಾಶಿ ಸಾಯುತ್ತಿದ್ದಾರೆ, ಇತ್ತ ಬರಬೇಡಿ ಎಂದು ಅರ್ಥ. ಸೆನ್ಸಾರಿನವರಿಗೂ ಇದು ಗೊತ್ತಾಗಿಬಿಟ್ಟಿತ್ತು.

ಗೊತ್ತಾದುದರಿಂದಲೇ ಇಂದು ನಮಗೂ ಅದು ತಿಳಿದಿದೆ. ಸೆನ್ಸಾರಿನವರು ಆಯ್ದು ಇಂಗ್ಲಿಷಿಗೆ ಇಳಿಸಿದ ಸಾಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿವೆ. ಮೂಲ ಕಾಗದಗಳಲ್ಲಿ ಹೆಚ್ಚಿನವು ಕಾಲಕ್ಕೆ ತುತ್ತಾದವು. ಹೈದರಾಬಾದಿನದೋ ಮೈಸೂರಿನದೋ ಹಳೆಯ ಟ್ರಂಕಿನಲ್ಲಿ ಅಂಥದೊಂದು ಕಾರ್ಡು ಸಿಕ್ಕರೆ, ಚೀಟಿಯ ಆಸೆಗೆ ಮೂಲೆ ಕತ್ತರಿಸದೆ ಇಡಿಯಾಗಿ ಉಳಿಸಬೇಕು: ಯಾವ ಫೀಲ್ಡ್ ಪೋಸ್ಟ್ ಆಫೀಸು, ಯಾವ ದಿನ ಎಂಬುದನ್ನು ಹೇಳುವುದು ಆ ಮೂಲೆಯ ಠಸ್ಸೆಯೇ.