ಅಂಡಾಶಯದ ಕ್ಯಾನ್ಸರ್ ರೋಗದ ಪೂರ್ವಶೋಧ: ಒಂದು ಐತಿಹಾಸಿಕ ವಿಚಾರ

ಕ್ಯಾನ್ಸರನ್ನು ಎಳವೆಯಲ್ಲಿಯೇ ಕಂಡುಹಿಡಿದರೆ ರೋಗಿಯು ಬದುಕುವಳೆಂಬ ನಂಬಿಕೆಗೆ ದೃಢವಾದ ಆಧಾರವನ್ನು ಒದಗಿಸಿದುದು ಗರ್ಭಕಂಠದ ರೋಗ. ಪಪಾನಿಕೊಲೌ ಮತ್ತು ಟ್ರೌಟ್ ಎಂಬ ವಿದ್ವಾಂಸರು ೧೯೪೩ರಲ್ಲಿ ಪ್ರಕಟಿಸಿದ ಗ್ರಂಥದ ತರುವಾಯ ಪ್ರಚಾರಕ್ಕೆ ಬಂದ ಜೀವಕೋಶ ಪರೀಕ್ಷೆಯು ಹಲವು ದೇಶಗಳಲ್ಲಿ ಆ ರೋಗದ ಮರಣಗಳನ್ನು ತಗ್ಗಿಸಿತು. ಇದೇ ಮಾರ್ಗವು ಅಂಡಾಶಯಕ್ಕೂ ಸಲ್ಲುವುದೆಂದು ಭಾವಿಸಿದುದು ಸಹಜವೇ. ಆದರೆ ಗರ್ಭಕಂಠವು ವೈದ್ಯರ ಕಣ್ಣಿಗೂ ಕೈಗೂ ನಿಲುಕುವಂಥದು. ಅಂಡಾಶಯವೋ ಕಿಬ್ಬೊಟ್ಟೆಯ ಆಳದಲ್ಲಿ ಮರೆಯಾಗಿರುವುದು. ಹೊಟ್ಟೆಯುಬ್ಬರ, ಹಸಿವಿಲ್ಲದಿರುವುದು ಮುಂತಾದ ಸಾಮಾನ್ಯ ಬಾಧೆಗಳಿಂದ ಅದರ ರೋಗವನ್ನು ಗುರುತಿಸುವ ಹೊತ್ತಿಗೆ ಅದು ಉದರದಲ್ಲೆಲ್ಲ ಹರಡಿರುವುದೇ ಹೆಚ್ಚು.

೧೯೮೧ರಲ್ಲಿ ಬಾಸ್ಟನ್ನಿನ ರಾಬರ್ಟ್ ಬ್ಯಾಸ್ಟ್ ಮತ್ತು ಅವರ ಸಹೋದ್ಯೋಗಿಗಳು ಈ ಕ್ಯಾನ್ಸರಿನ ಕೋಶಗಳನ್ನು ಗುರುತುಹಿಡಿಯುವ ಪ್ರತಿಕಾಯವೊಂದನ್ನು ಸಿದ್ಧಪಡಿಸಿದರು. ಅದರ ಬಲದಿಂದ ರಕ್ತದಲ್ಲಿ ಅಳೆಯಲಾದ ವಸ್ತುವೇ ಸಿಎ ೧೨೫. ಚಿಕಿತ್ಸೆಯಲ್ಲಿರುವವರ ರೋಗದ ಗತಿಯನ್ನು ತಿಳಿಯಲೆಂದು ೧೯೮೩ರಲ್ಲಿ ಹೊರಬಂದ ಈ ಪರೀಕ್ಷೆಯನ್ನು ಆರೋಗ್ಯವಂತ ಸ್ತ್ರೀಯರಿಗೂ ಅನ್ವಯಿಸುವ ಆಸೆ ಬೇಗನೆ ಹುಟ್ಟಿತು. ಮುಟ್ಟಿನ ಕಾಲದಲ್ಲಿಯೂ, ಗರ್ಭಾಶಯದ ನಿರಪಾಯವಾದ ಗೆಡ್ಡೆಗಳಿದ್ದಾಗಲೂ ಅದರ ಪ್ರಮಾಣ ಏರುವುದುಂಟು. ಮೊದಲ ಹಂತದ ಕ್ಯಾನ್ಸರಿನಲ್ಲಿ ಏರದೆಯೂ ಇರಬಹುದು.

ಅಮೆರಿಕದಲ್ಲಿ ೧೯೯೩ರಿಂದ ೨೦೦೧ರವರೆಗೆ ೭೮,೨೧೬ ಸ್ತ್ರೀಯರನ್ನು ಸೇರಿಸಿಕೊಂಡ ಪ್ರಯೋಗದ ಫಲವು ೨೦೧೧ರಲ್ಲಿ ಪ್ರಕಟವಾಯಿತು. ರಕ್ತಪರೀಕ್ಷೆಗೂ ಅಲ್ಟ್ರಾಸೌಂಡ್ ಪರೀಕ್ಷೆಗೂ ಕರೆಯಲ್ಪಟ್ಟ ಅರ್ಧದಷ್ಟು ಮಂದಿಯಲ್ಲಿ ಈ ರೋಗದಿಂದ ೧೧೮ ಮರಣಗಳು. ವಾಡಿಕೆಯ ಆರೈಕೆ ಮಾತ್ರ ದೊರೆತ ಉಳಿದರ್ಧದಲ್ಲಿ ೧೦೦. ಇದಕ್ಕಿಂತಲೂ ಮನಸ್ಸನ್ನು ಕಲಕುವ ಅಂಕಿ ಮತ್ತೊಂದಿದೆ. ಕ್ಯಾನ್ಸರಿಲ್ಲದಿದ್ದರೂ ಶಂಕೆಗೊಳಗಾದ ೩,೨೮೫ ಸ್ತ್ರೀಯರ ಪೈಕಿ ೧,೦೮೦ ಮಂದಿ ಶಸ್ತ್ರಚಿಕಿತ್ಸೆಯನ್ನು ಅನುಭವಿಸಿದರು. ಅವರಲ್ಲಿ ೧೬೩ ಮಂದಿಗೆ ಗಂಭೀರವಾದ ತೊಡಕುಗಳುಂಟಾದವು. ತಪಾಸಣೆಯೇ ನಡೆಯದಿದ್ದಲ್ಲಿ ಇವರಲ್ಲಿ ಹೆಚ್ಚಿನವರು ಕತ್ತರಿಯ ಕೆಳಗೆ ಹೋಗುವ ಪ್ರಸಂಗವೇ ಇರುತ್ತಿರಲಿಲ್ಲ.

ಬ್ರಿಟನ್ನಿನಲ್ಲಿ ಇಯಾನ್ ಜೇಕಬ್ಸ್, ಉಷಾ ಮೆನನ್ ಮೊದಲಾದವರು ೨೦೦೧ರಲ್ಲಿ ಆರಂಭಿಸಿದ ಪ್ರಯೋಗವು ಇನ್ನೂ ಸೂಕ್ಷ್ಮವಾದುದು. ಮುಟ್ಟು ನಿಂತ ೨,೦೨,೬೩೮ ಸ್ತ್ರೀಯರನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಅಲ್ಟ್ರಾಸೌಂಡ್, ಮತ್ತೊಂದರಲ್ಲಿ ಸಿಎ ೧೨೫ರ ಒಂದೇ ಅಳತೆಯನ್ನು ನೆಚ್ಚದೆ, ವರ್ಷದಿಂದ ವರ್ಷಕ್ಕೆ ಅದು ಏರುವ ಬಗೆಯನ್ನು ಗಣಿಸಿದರು, ಉಳಿದವರಿಗೆ ತಪಾಸಣೆಯಿಲ್ಲ. ೨೦೨೧ರ ವರದಿಯಂತೆ ರಕ್ತಪರೀಕ್ಷೆಯ ಗುಂಪಿನಲ್ಲಿ ಮೊದಲೆರಡು ಹಂತಗಳಲ್ಲಿಯೇ ಪತ್ತೆಯಾದ ರೋಗವು, ತಪಾಸಣೆಯಿಲ್ಲದವರಲ್ಲಿ ಕಂಡುದಕ್ಕಿಂತ ಶೇಕಡ ೩೯ರಷ್ಟು ಹೆಚ್ಚು. ಶೋಧಕರು ಬಯಸಿದುದು ಕೈಗೂಡಿತೆಂದೇ ಹೇಳಬೇಕು. ಆದರೂ ಈ ರೋಗದಿಂದ ಮಡಿದವರು ಮೂರು ಗುಂಪುಗಳಲ್ಲಿಯೂ ಶೇಕಡ ೦.೬. ಮರಣಗಳನ್ನು ಎಣಿಸಲು ಹದಿನಾರು ವರ್ಷಗಳಷ್ಟು ಕಾಯದೆ ಮೊದಲ ಅಂಕಿಯನ್ನೇ ನೆಚ್ಚಿದ್ದರೆ ರಾಷ್ಟ್ರವ್ಯಾಪಿಯಾದ ತಪಾಸಣೆ ಎಂದೋ ಆರಂಭವಾಗುತ್ತಿತ್ತೆಂದು ನನ್ನ ಊಹೆ.

ಅಂಡಾಶಯದ್ದೆಂದು ಕರೆಯಲ್ಪಟ್ಟ ಅತ್ಯುಗ್ರ ಕ್ಯಾನ್ಸರುಗಳಲ್ಲಿ ಅನೇಕವು ಅಂಡನಾಳದ ತುದಿಯಲ್ಲಿ ಹುಟ್ಟುವುವೆಂಬ ಅರಿವು ಈ ಶತಮಾನದಲ್ಲಿ ಬಲಗೊಂಡಿದೆ. ಅಲ್ಲಿಂದ ಕಳಚಿದ ಕೋಶಗಳು ಗೆಡ್ಡೆ ಕಾಣುವ ಮುನ್ನವೇ ಉದರಕ್ಕೆ ಹರಡಬಲ್ಲವು. ಬ್ಯಾಸ್ಟರ ರಕ್ತಪರೀಕ್ಷೆಯಾದರೋ ಚಿಕಿತ್ಸೆ ಪಡೆದವರಲ್ಲಿ ರೋಗ ಮರುಕಳಿಸಿತೇ ಎಂದು ನೋಡಲು ಇಂದಿಗೂ ಬಳಕೆಯಲ್ಲಿದೆ; ಅದು ಹುಟ್ಟಿದುದೂ ಆ ಬಗೆಯ ಕಾರ್ಯಕ್ಕಾಗಿಯೇ.